ಮೆಟ್ಟಿಲು ಗುಡಿಸುವ ವಾರ

ಜರ್ಮನಿಯಲ್ಲಿ ಕೆಲಸ ಸಿಕ್ಕಿದ್ದು ನನಗಲ್ಲ, ನನ್ನ ಹೆಂಡತಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಧಾರವಾಡದಲ್ಲಿ ಇದೇ ಮಾತನ್ನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳಬೇಕಾಗಿತ್ತು. "ಸ್ಟುಟ್‌ಗಾರ್ಟಿಗೆ ಹೊಂಟೇವ್ರಿ" ಅಂದರೆ "ಛಲೋ ಆತು, ಯಾವ ಕಂಪನಿ ನಿಂದು?" ಎನ್ನುತ್ತಿದ್ದರು. "ನಂದಲ್ರಿ, ಆಕೀದು" ಅಂದಕೂಡಲೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನೀ ಅಲ್ಲೇನ್ ಮಾಡ್ತಿ?" ಎಂಬ ಪ್ರಶ್ನೆ. ಹುಬ್ಬಳ್ಳಿಯಲ್ಲಿ ಬಿಡಿಭಾಗಗಳ ಡೀಲರೊಬ್ಬರ ಹತ್ತಿರ ಎಂಟು ವರ್ಷ ಲೆಕ್ಕ ಬರೆದವನು ನಾನು. ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ನಮ್ಮ ಮಾವನವರು ಮಾತ್ರ ಕೇಳಿದವರಿಗೆಲ್ಲ "ಅಳಿಯಂದ್ರು ಮೊದಲ ಭಾಷಾ ಕಲಿತಾರ" ಎಂದು ಗತ್ತಿನಿಂದ ಹೇಳಿ ನನ್ನ ಮರ್ಯಾದೆ ಕಾಪಾಡಿದರು. ಒಂದಕ್ಷರ ಜರ್ಮನ್ ಬಾರದ ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ.

ವೀಸಾದ ಕೆಲಸ ನಾವು ಹೆದರಿದಷ್ಟು ಕಷ್ಟವಾಗಲಿಲ್ಲ. ಬ್ಲೂ ಕಾರ್ಡ್ (ಓದಿದ ಹೊರದೇಶದವರಿಗೆ ಯುರೋಪಿನ ದೇಶಗಳು ಕೊಡುವ ಕೆಲಸದ ಪರವಾನಗಿ) ಮೇಲೆ ಹೋಗುವವರ ಗಂಡನೋ ಹೆಂಡತಿಯೋ ಮೊದಲೇ ಜರ್ಮನ್ ಪರೀಕ್ಷೆ ಪಾಸು ಮಾಡಿ ತೋರಿಸಬೇಕಿಲ್ಲ, ಅಲ್ಲಿ ಹೋದಮೇಲೆ ಕೆಲಸಕ್ಕೆ ಸೇರಲೂ ಅಡ್ಡಿಯಿಲ್ಲ. ಅಡ್ಡಿಯಾದದ್ದು ನಮ್ಮ ಮದುವೆಯೇ. ಮಂಟಪದಲ್ಲಿ ಆರುನೂರು ಜನರ ಮುಂದೆ ಆದ ಲಗ್ನಕ್ಕೆ ಸರ್ಕಾರಿ ಕಾಗದವೇ ಇರಲಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಲಗ್ನಪತ್ರಿಕೆ, ಫೋಟೋ, ಸಾಕ್ಷಿದಾರರು ಎಲ್ಲ ಹೊತ್ತುಕೊಂಡು ಹೋಗಿ ನಾಲ್ಕು ವರ್ಷದ ಮೇಲೆ ಇನ್ನೊಮ್ಮೆ ಗಂಡಹೆಂಡತಿಯಾದೆವು.

ಸ್ಟುಟ್‌ಗಾರ್ಟ್ ತಲುಪಿದ್ದು 2018ರ ಅಕ್ಟೋಬರ್ 2ರ ರಾತ್ರಿ. ಗಾಂಧಿ ಜಯಂತಿ, ರಜೆ, ಎಂದುಕೊಂಡು ಮಲಗಿದೆವು. ಬೆಳಗ್ಗೆ ಎದ್ದು ಹಾಲು ತರಲು ಹೊರಟರೆ ಬೀದಿಯೆಲ್ಲ ಬಾಗಿಲು ಹಾಕಿದೆ. ಅಕ್ಟೋಬರ್ 3 ಜರ್ಮನಿ ಒಂದಾದ ದಿನ, 1990ರಿಂದ ರಾಷ್ಟ್ರೀಯ ರಜೆ. ರೈಲು ನಿಲ್ದಾಣದ ಅಂಗಡಿ ತೆರೆದಿರುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ. ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿ, ಅಮ್ಮನ ಹಚ್ಚಿದ ಅವಲಕ್ಕಿ, ಮೇಲೊಂದಿಷ್ಟು ಚಕ್ಕುಲಿ. ಆ ಇಡೀ ದಿನ ಅದನ್ನೇ ತಿಂದು, ಕಿಟಕಿಯ ಹತ್ತಿರ ಕುಂತು ಎದುರಿನ ಮನೆಯ ಹೆಂಚು ನೋಡಿದೆವು. ಆಕೆ "ಎಷ್ಟ್ ಶಾಂತ ಐತಲ್ರೀ" ಅಂದಳು. ಸಂಜೆಯ ಹೊತ್ತಿಗೆ ಅದೇ ಮಾತನ್ನು ಬೇರೆ ದನಿಯಲ್ಲಿ ಅಂದಳು.

ಮೊದಲ ಎರಡು ತಿಂಗಳು ಕಂಪನಿ ಕೊಟ್ಟ ಕೋಣೆ. ಅಷ್ಟರಲ್ಲಿ ಮನೆ ಹುಡುಕಬೇಕು, ಮತ್ತು ಹುಡುಕುವವನು ನಾನೇ. ಬಾಡಿಗೆಯಲ್ಲಿ ಎರಡು ಜಾತಿ. ತಣ್ಣನೆಯದು, ಬೆಚ್ಚನೆಯದು. 'ಕಾಲ್ಟ್‌ಮೀಟೆ' ಅಂದರೆ ಬರೀ ಗೋಡೆಗಳ ಬಾಡಿಗೆ. ಅದಕ್ಕೆ ಹೀಟರು, ನೀರು, ಕಸದ ಖರ್ಚು ಸೇರಿದರೆ 'ವಾರ್ಮ್‌ಮೀಟೆ'. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ತಣ್ಣನೆಯದು. ಡಿಪಾಜಿಟ್ ತಣ್ಣನೆಯ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟಲು ಕಾನೂನೇ ಬಿಡುತ್ತದೆ. ಇದನ್ನು ಓದಿದಾಗ ಲೆಕ್ಕದ ಮನುಷ್ಯನಾದ ನನಗೆ ಈ ದೇಶದ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ಮನೆ ನೋಡಲು ಹೋದಲ್ಲೆಲ್ಲ ನಮ್ಮಂಥ ಇಪ್ಪತ್ತು ಜೋಡಿ ಮೆಟ್ಟಿಲ ಮೇಲೆ ಸಾಲಾಗಿ ನಿಂತಿರುತ್ತಿದ್ದರು, ಕೈಯಲ್ಲಿ ಫೈಲು ಹಿಡಿದು, ಹೆಣ್ಣು ನೋಡಲು ಬಂದವರ ಹಾಗೆ. ಹದಿನಾಲ್ಕನೆಯ ಮನೆ ನಮ್ಮನ್ನು ಒಪ್ಪಿತು. ಹೆಸ್ಲಾಖ್ ಎಂಬ ಬಡಾವಣೆ, ಹಳೆಯ ಕಟ್ಟಡ, ಮರದ ಮೆಟ್ಟಿಲು, ಮೂರನೆಯ ಮಹಡಿ.

ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರ ಸಹಿಯಿದ್ದ ಕಾಗದ ಬೇಕು. ಆ ಒಂದು ನೋಂದಣಿ ಆದರೆ ತೆರಿಗೆ ಸಂಖ್ಯೆ, ಬ್ಯಾಂಕು, ಎಲ್ಲ ಸರಪಳಿಯ ಕೊಂಡಿಯಂತೆ ಹಿಂದೆ ಬರುತ್ತವೆ. ಆದರೆ ನಮ್ಮ ಮನೆಗೆ ಎರಡು ವಾರವಾದರೂ ಒಂದೂ ಟಪಾಲು ಬರಲಿಲ್ಲ. ಅಂಚೆ ಪೆಟ್ಟಿಗೆಯ ಮೇಲೆ ಹಿಂದಿನವರ ಹೆಸರು ಹಾಗೇ ಇತ್ತು. ಇಲ್ಲಿ ಮನೆ ನಂಬರು ನೋಡಿ ಟಪಾಲು ಹಾಕುವುದಿಲ್ಲ, ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಮದುವೆಯಾದಮೇಲೂ ಆಕೆ ತನ್ನ ತಂದೆಯ ಮನೆತನದ ಹೆಸರನ್ನೇ ಇಟ್ಟುಕೊಂಡವಳು. ಹೀಗಾಗಿ ಚೀಟಿಯಲ್ಲಿ ಎರಡು ಹೆಸರು, ಒಂದರ ಕೆಳಗೊಂದು. ಯಾರದು ಮೇಲೆ ಬರೆಯುವುದು ಎಂದು ಕೇಳಿದೆ. "ಕೆಲಸ ಯಾರ್ದೈತಿ, ಅವರ್ದು" ಅಂದಳು. ನಗುತ್ತಲೇ ಅಂದದ್ದು. ಆದರೆ ನೆನಪಿದೆ.

ಅಡುಗೆಮನೆಗೆ ಬರುತ್ತೇನೆ. ಬಾಗಿಲು ತೆರೆದರೆ ನಾಲ್ಕು ಗೋಡೆ, ಒಂದು ನಲ್ಲಿಯ ಪೈಪು. ಸಿಂಕ್ ಇಲ್ಲ, ಕಟ್ಟೆ ಇಲ್ಲ, ಒಲೆ ಇಲ್ಲ. ಹೋಗುವವರು ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗುವುದು ಇಲ್ಲಿ ಮಾಮೂಲು. ಫೋನಿನಲ್ಲಿ ಅಮ್ಮನಿಗೆ ತೋರಿಸಿದೆ. "ಕಳವಾಗೇತೇನೋ?" ಎಂದು ಗಾಬರಿಯಾದಳು. ಮೂರು ವಾರ ಒಂದು ಕರೆಂಟಿನ ಒಲೆಯನ್ನು ನೆಲದ ಮೇಲಿಟ್ಟು ಅನ್ನ ಸಾರು ಮಾಡಿದೆವು, ಪಾತ್ರೆಗಳನ್ನು ಬಚ್ಚಲಿನಲ್ಲಿ ತೊಳೆದೆವು. ಬಚ್ಚಲಿಗೂ ನೆಲದಲ್ಲಿ ಮೋರಿ ಇಲ್ಲ ಎಂಬುದು ಮೊದಲ ಸ್ನಾನದ ದಿನವೇ ಗೊತ್ತಾಗಿತ್ತು.

ಊಟದ ಮೇಜು ಬಂದ ಕಥೆ ನಮ್ಮಿಬ್ಬರಿಗೂ ಬಹಳ ಪ್ರೀತಿಯದು. ಇಲ್ಲಿ ಜನ ಬೇಡವಾದ ವಸ್ತುವನ್ನು ಮನೆಯ ಮುಂದಿಟ್ಟು 'ತ್ಸು ಫೆರ್‌ಶೆಂಕೆನ್' ಎಂದು ಚೀಟಿ ಅಂಟಿಸುತ್ತಾರೆ, 'ಪುಕ್ಕಟೆ, ಒಯ್ಯಿರಿ' ಎಂದು. ಒಂದು ಶನಿವಾರ ಅಂಥ ಚೀಟಿಯ ಗಟ್ಟಿ ಮರದ ಮೇಜು ಸಿಕ್ಕಿತು. ಅದು ಇದ್ದದ್ದು ಕೆಳಗಿನ ಬೀದಿಯಲ್ಲಿ, ನಮ್ಮ ಮನೆ ಗುಡ್ಡದ ಮೇಲೆ. ಸ್ಟುಟ್‌ಗಾರ್ಟ್ ಊರೇ ಒಂದು ಬಟ್ಟಲು. ಸುತ್ತ ಗುಡ್ಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಆ ತೋಟಗಳಿಗೆಂದು ಕಟ್ಟಿದ ಮೆಟ್ಟಿಲುಗಳೇ ಇಂದಿನ ಓಣಿಗಳು. ಅವಕ್ಕೆ 'ಶ್ಟೆಫೆಲೆ' ಅನ್ನುತ್ತಾರೆ, ಊರಲ್ಲಿ ನಾನೂರಕ್ಕೂ ಹೆಚ್ಚಿವೆ. ಮೇಜಿನ ಎರಡು ತುದಿ ಹಿಡಿದು ಹೊರಟೆವು. ನಲವತ್ತು ಮೆಟ್ಟಿಲಿಗೊಮ್ಮೆ ಮೇಜನ್ನು ಅಲ್ಲೇ ಇಟ್ಟು, ಅದರ ಮೇಲೇ ಕುಂತು, ಬಟ್ಟಲಿನಂಥ ಊರು ನೋಡುವುದು. ಇಳಿದು ಬರುತ್ತಿದ್ದ ಒಬ್ಬರು ಏನೋ ಅಂದರು, ಕೊನೆಯ ಅಕ್ಷರ 'ಲೇ' ಎಂದಷ್ಟೇ ಕೇಳಿಸಿತು. ಆಕೆ ನನ್ನ ಮುಖ ನೋಡಿದಳು. "ಏನ್ರೀ ಅವ್ರು, ಲೇ ಅಂತಾರ?"

ಅದು ಸ್ವಾಬಿಯನ್ನರ ಮಾತಿನ ಧಾಟಿ ಎಂದು ಆಮೇಲೆ ತಿಳಿಯಿತು. ಈ ಸೀಮೆಯವರು ಪ್ರೀತಿಯ ವಸ್ತುವಿಗೆಲ್ಲ ಕೊನೆಗೊಂದು 'ಲೆ' ಸೇರಿಸುತ್ತಾರೆ. ಸ್ವಲ್ಪ ಅನ್ನಲು 'ಬಿಸ್‌ಲೆ', ಹೋಗಿಬರುತ್ತೇನೆ 'ಚೂಸ್‌ಲೆ'. ಧಾರವಾಡದ ಕಿವಿಗೆ ಇದಕ್ಕಿಂತ ಸುಖ ಏನಿದೆ? ನಾವಿಬ್ಬರೂ ಆವತ್ತಿನಿಂದ ಸಕ್ಕರೆಲೆ, ಉಪ್ಪುಲೆ ಎಂದು ಶುರುಮಾಡಿದ್ದು ಇನ್ನೂ ನಿಂತಿಲ್ಲ.

ಡಿಸೆಂಬರ್ ಎರಡನೇ ವಾರ ನಮ್ಮ ಬಾಗಿಲಿನ ಹಿಡಿಕೆಗೆ ಯಾರೋ ಒಂದು ಚಿಕ್ಕ ಮರದ ಹಲಗೆ ನೇತುಹಾಕಿದ್ದರು. ಅದರ ಮೇಲೆ 'ಕೇರ್‌ವೊಖೆ' ಎಂದಿತ್ತು. ಗುಡಿಸುವ ವಾರ. ಯಾರ ಬಾಗಿಲಲ್ಲಿ ಆ ಹಲಗೆ ಇರುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಪಾಳಿ. ಮುಗಿದಮೇಲೆ ಹಲಗೆ ಮುಂದಿನ ಬಾಗಿಲಿಗೆ. 1492ರ ಊರ ಕಟ್ಟಳೆಯಿಂದ ಬಂದದ್ದು ಎನ್ನುತ್ತಾರೆ. 1988ರಲ್ಲಿ ನಗರಸಭೆ ತನ್ನ ನಿಯಮದಿಂದ ಇದನ್ನು ತೆಗೆದರೂ ಬಾಡಿಗೆ ಕರಾರಿನಲ್ಲಿ ಮಾತ್ರ ಉಳಿದುಕೊಂಡಿದೆ. ನಾನು ಹಿಗ್ಗಿದೆ. ಬಂದ ಎರಡು ತಿಂಗಳಲ್ಲಿ ನನಗೂ ಬರುವ ಒಂದು ಕೆಲಸ ಈ ಊರಿನಲ್ಲಿ ಸಿಕ್ಕಿತ್ತು.

ಶನಿವಾರ ಬೆಳಗ್ಗೆ ಮೆಟ್ಟಿಲು ಗುಡಿಸಿದೆ. ಆಮೇಲೆ, ನಮ್ಮ ಮನೆಯ ಪಡಸಾಲೆ ತೊಳೆಯುವ ಹಾಗೆ, ಬಕೆಟ್ಟಿನಲ್ಲಿ ನೀರು ತಂದು ಮೇಲಿನ ಮೆಟ್ಟಿಲಿನಿಂದ ಸುರಿದೆ.

ನೀರು ನೂರು ವರ್ಷದ ಮರದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತ ಹೋದದ್ದನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಎರಡನೇ ಮಹಡಿಯ ಬಾಗಿಲು ತೆರೆಯಿತು. ಎಂಬತ್ತರ ಅಂಚಿನ ಅಜ್ಜಿ, ಮನೆಯ ಚಪ್ಪಲಿ, ಎತ್ತಿದ ಎರಡೂ ಕೈ. ಅವರು ಹೇಳಿದ ಒಂದು ಮಾತೂ ಅರ್ಥವಾಗಲಿಲ್ಲ, ಅರ್ಥ ಮಾತ್ರ ಪೂರ್ತಿ ಆಯಿತು. ಒಳಗಿಂದ ಟವೆಲ್ಲುಗಳನ್ನು ತಂದರು. ನನ್ನ ಹೆಂಡತಿ ಮೇಲಿನಿಂದ ನಮ್ಮ ಹೊಸ ಹಾಸಿಗೆಯ ಹೊದಿಕೆಯನ್ನೇ ಎಸೆದಳು. ಮೂವರೂ ಮೊಣಕಾಲೂರಿ ಒರೆಸಿದೆವು. ಕೊನೆಗೆ ಅಜ್ಜಿ ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು ಹಿಂಡಿದರು, ಮತ್ತೆ ಹಿಂಡಿದರು, ಒಂದು ಹನಿಯೂ ಬೀಳದಷ್ಟು ಹಿಂಡಿ ನನ್ನ ಕೆನ್ನೆಗೆ ತಾಗಿಸಿ ತೋರಿಸಿದರು. "ನೇಬೆಲ್‌ಫಾಯ್ಶ್ಟ್!" ಮಂಜಿನಷ್ಟು ತೇವ. ಮರದ ನೆಲಕ್ಕೆ ಅಷ್ಟೇ ನೀರು. ನಾನು ಬಾಯಿಪಾಠ ಮಾಡದೆ ಕಲಿತ ಮೊದಲ ಜರ್ಮನ್ ಶಬ್ದ ಅದು, ಮತ್ತು ಇಷ್ಟು ಚೆಂದದ ಶಬ್ದ ಆಮೇಲೆ ಸಿಕ್ಕಿದ್ದು ಕಡಿಮೆ.

ಮುಂದಿನ ಪಾಳಿಯಲ್ಲಿ ಮಂಜಿನಷ್ಟೇ ತೇವ ಮಾಡಿ ಒರೆಸಿದೆ. ಅಜ್ಜಿ ಹೊರಬಂದು ಕಂಬಿಯ ಕೆಳಗೆಲ್ಲ ಬಗ್ಗಿ ನೋಡಿ, ಏನೂ ಹೇಳದೆ ಬಾಗಿಲು ಹಾಕಿಕೊಂಡರು. ನನಗೆ ಬೇಜಾರಾಯಿತು. ಸಂಜೆ ಹೆಂಡತಿ ಬಂದು, ಆಫೀಸಿನಲ್ಲಿ ಯಾರೋ ಹೇಳಿದ ಸ್ವಾಬಿಯನ್ ಗಾದೆ ಹೇಳಿದಳು: ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ. "ನಿಮ್ಮವ್ವನ ಹಂಗ ನೋಡ್ರಿ" ಎಂದು ಸೇರಿಸಿದಳು. ಅದು ನಿಜವೇ.

ಹಣದ ವಿಷಯ ಬರೆಯಲೇಬೇಕು, ಇದನ್ನು ಯಾರೂ ಬರೆಯುವುದಿಲ್ಲ. ಮೊದಲ ಮೂರು ತಿಂಗಳು ಅಕೌಂಟು ಆಕೆಯದು, ಕಾರ್ಡು ಆಕೆಯದು. ಬೆಳಗ್ಗೆ ಮೇಜಿನ ಮೇಲೆ ಇಪ್ಪತ್ತು ಯೂರೋ ಇಟ್ಟು ಹೋಗುತ್ತಿದ್ದಳು. ಏನೂ ತಪ್ಪಿರಲಿಲ್ಲ ಅದರಲ್ಲಿ. ಆದರೆ ಸಂಜೆ ಚಿಲ್ಲರೆ ಎಣಿಸಿ ಅದೇ ಮೇಜಿನ ಮೇಲಿಡುವಾಗ ನನ್ನ ಕೈ ಯಾಕೋ ಜೋರಾಗಿ ಇಡುತ್ತಿತ್ತು. ಊರಿನಲ್ಲಿ ನಮ್ಮ ಅವ್ವ ಮೂವತ್ತು ವರ್ಷ ಅಪ್ಪನ ಮುಂದೆ ಹಾಗೇ ಚಿಲ್ಲರೆ ಇಟ್ಟಳು ಎಂಬುದು ಆಗ ಹೊಳೆಯಿತು. ಮೊದಲು ಹೊಳೆದಿರಲಿಲ್ಲ.

ಜನವರಿಯ ಒಂದು ಭಾನುವಾರ ಅದು ಒಡೆಯಿತು. ಮಾತು ಎಲ್ಲಿಂದ ಶುರುವಾಯಿತೋ ನೆನಪಿಲ್ಲ, ಬಹುಶಃ ಕಿಟಕಿಯಿಂದ. ನಾನು ಒಗ್ಗರಣೆ ಹಾಕಿ ಕಿಟಕಿ ತೆರೆದಿಟ್ಟಿದ್ದೆ, ಹೊರಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಅಲ್ಲಿಂದ "ನಾಳಿಂದ ಏನೇನ್ ಕೆಲಸ ಮಾಡ್ಬೇಕಂತ ಚೀಟಿ ಬರದಿಟ್ಟು ಹೋಗು" ಎಂಬಲ್ಲಿಗೆ ನಾನು ಬಂದೆ. ಧಾರವಾಡದಲ್ಲಾಗಿದ್ದರೆ ಆಕೆ ಅವ್ವನ ಹತ್ತಿರ ಅಡುಗೆಮನೆಗೆ, ನಾನು ಹೊರಗಿನ ಕಟ್ಟೆಗೆ ಹೋಗುತ್ತಿದ್ದೆವು. ಯಾರಾದರೂ ಚಹಾ ಕುಡಿಯಲು ಬರುತ್ತಿದ್ದರು, ರಾತ್ರಿಯ ಊಟದ ಹೊತ್ತಿಗೆ ಜಗಳ ತೆಳ್ಳಗಾಗಿರುತ್ತಿತ್ತು. ಇಲ್ಲಿ ಇಬ್ಬರೇ. ಜಗಳ ಬಿಟ್ಟು ಎದ್ದುಹೋಗಲು ಇನ್ನೊಂದು ಕೋಣೆ ಮಾತ್ರ, ಅದರ ಬಾಗಿಲೂ ಸರಿಯಾಗಿ ಕೂಡುತ್ತಿರಲಿಲ್ಲ. ಆಕೆ ಸ್ವೆಟರಿಲ್ಲದೆ, ಮನೆಯ ಚಪ್ಪಲಿಯಲ್ಲೇ ಹೊರಗೆ ಹೊರಟಳು. ನಾನು ಕೋಟು ಹಿಡಿದುಕೊಂಡು ಹಿಂದೆ ಓಡಿದೆ. ನಮ್ಮ ಬೆನ್ನ ಹಿಂದೆ ಬಾಗಿಲು ಟಕ್ಕೆಂದಿತು.

ಇಲ್ಲಿನ ಬಾಗಿಲುಗಳಿಗೆ ಹೊರಗಡೆ ತಿರುಗುವ ಹಿಡಿಕೆ ಇರುವುದಿಲ್ಲ. ಎಳೆದುಕೊಂಡರೆ ಮುಗಿಯಿತು, ಕೀಲಿ ಬೇಕು. ಕೀಲಿ ಒಳಗೆ. ಫೋನೂ ಒಳಗೆ, ಇಬ್ಬರದೂ.

ಅಜ್ಜಿಯ ಬಾಗಿಲು ತಟ್ಟಿದೆವು. ನಮ್ಮ ಮುಖ, ಆಕೆಯ ಚಪ್ಪಲಿ, ನನ್ನ ಕೈಯಲ್ಲಿದ್ದ ಹೆಂಗಸರ ಕೋಟು, ಮೂರನ್ನೂ ನೋಡಿದರು. ಕೀಲಿಯವನಿಗೆ ತಾವೇ ಫೋನ್ ಮಾಡಿದರು. ಎರಡು ತಾಸು ಅವರ ಅಡುಗೆಮನೆಯಲ್ಲಿ ಕುಂತೆವು. ಅವರು ಪುದೀನಾ ಚಹಾ ಕೊಟ್ಟರು, ಗೋಡೆಯ ಮೇಲಿನ ತೀರಿಕೊಂಡ ಗಂಡನ ಫೋಟೋ ತೋರಿಸಿ ಅವರೂ ಜಗಳಗಂಟರು ಎಂದು ಕೈಸನ್ನೆಯಲ್ಲಿ ಹೇಳಿದರು. ಅಷ್ಟರಲ್ಲಿ ನಮ್ಮ ಸಿಟ್ಟು ಎಲ್ಲಿ ಹೋಯಿತೋ. ಭಾನುವಾರದ ದರದಲ್ಲಿ ಬಾಗಿಲು ತೆರೆದದ್ದಕ್ಕೆ 180 ಯೂರೋ. ನನ್ನ ಖರ್ಚಿನ ಪುಸ್ತಕದಲ್ಲಿ ಆ ದಿನದ ಕೆಳಗೆ 'ಜಗಳ: 180' ಎಂದು ಬರೆದದ್ದು ಹಾಗೇ ಇದೆ. ಒಂದು ಕೀಲಿ ಅಜ್ಜಿಯ ಮನೆಯಲ್ಲೇ ಇಟ್ಟೆವು.

ಮರುವಾರ ಬ್ಯಾಂಕಿಗೆ ಹೋಗಿ ಜಂಟಿ ಅಕೌಂಟು ಮಾಡಿಸಿದೆವು. ಅದರಲ್ಲೂ ಎರಡು ಬಗೆ. 'ಉಂಡ್' ಅಂದರೆ ಇಬ್ಬರೂ ಸಹಿ ಹಾಕಬೇಕು, 'ಓಡರ್' ಅಂದರೆ ಯಾರಾದರೂ ಒಬ್ಬರು ಸಾಕು. ನಮ್ಮ ಬ್ಯಾಂಕುಗಳ 'ಐದರ್ ಆರ್ ಸರ್ವೈವರ್' ಇದ್ದ ಹಾಗೆ, ಸಾಯುವ ಮಾತೊಂದು ಹೆಸರಿನಲ್ಲಿಲ್ಲ. ಕಾರ್ಡು ಎರಡು ಬಂದವು. ತಿಂಗಳ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ಹೇಳುವ ತೆರಿಗೆ ವರ್ಗವನ್ನೂ ಬದಲಿಸಿದೆವು. ಇಬ್ಬರಿಗೂ ತಾನಾಗಿ 4 ಬಂದಿತ್ತು, ಒಬ್ಬರಿಗೇ ಸಂಬಳ ಇರುವ ಮನೆಯಲ್ಲಿ ಅದು ನಷ್ಟ. ಆಕೆಗೆ 3, ನನಗೆ 5 ಮಾಡಿದಮೇಲೆ ತಿಂಗಳು ಕೈಗೆ ಬರುವ ಹಣ ಹೆಚ್ಚಿತು. ಈ ಅರ್ಜಿಗಳನ್ನು ನಿಘಂಟು ಹಿಡಿದು ತುಂಬಿದವನು ನಾನು. ಗಂಡಹೆಂಡತಿ ಇಬ್ಬರಿಗೂ ಬೇರೆ ಬೇರೆ ಬಂದ ರೇಡಿಯೋ-ಟಿವಿ ಶುಲ್ಕದ ಕಾಗದಕ್ಕೆ, 'ಮನೆ ಒಂದೇ, 17.50 ಯೂರೋ ಒಂದೇ ಸಲ' ಎಂದು ಉತ್ತರ ಬರೆದವನೂ ನಾನೇ. ಹೊಸದಾಗಿ ಹೋಗುವ ಜೋಡಿಗಳು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಬಂದ ತಿಂಗಳಲ್ಲೇ ಎರಡು ಕಾರ್ಡು ಮಾಡಿಸಿ, ಅಡುಗೆಮನೆ ಆಮೇಲೆ.

ಭಾಷೆ ಕಲಿಯಲು ರೋಟೆಬ್ಯೂಲ್‌ಪ್ಲಾಟ್ಸ್‌ನ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ದೊಡ್ಡವರ ಶಾಲೆಗೆ ಸೇರಿದೆ. ಭಾಷೆಯ 600 ಪಾಠ, ಮೇಲೆ ದೇಶದ ಪರಿಚಯದ 100, ಪಾಠವೊಂದಕ್ಕೆ ಆಗ 1.95 ಯೂರೋ. ಎರಡು ವರ್ಷದೊಳಗೆ ಪಾಸಾದರೆ ಆಗ ಅರ್ಧ ವಾಪಸ್ ಬರುತ್ತಿತ್ತು. ಮಾವನವರ ಮಾತು ಉಳಿಸಬೇಕಿತ್ತಲ್ಲ! ತರಗತಿಯಲ್ಲಿ ಸಿರಿಯಾ, ಬ್ರೆಜಿಲ್, ಇಟಲಿಯವರು. ಅವರೆಲ್ಲ ಕ್ರಿಯಾಪದವನ್ನು ವಾಕ್ಯದ ಕೊನೆಗೆ ತಳ್ಳಲು ಪರದಾಡುವಾಗ ನಾನು ಆರಾಮಾಗಿದ್ದೆ. 'ವೈಲ್' (ಯಾಕಂದರೆ) ಬಂತೆಂದರೆ ಮನಸ್ಸಿನಲ್ಲಿ ಕನ್ನಡದಲ್ಲಿ ಯೋಚಿಸುವುದು, ಕ್ರಿಯಾಪದ ತಾನೇ ಕೊನೆಗೆ ಹೋಗಿ ಕೂಡುತ್ತದೆ. ಎಡವಿದ್ದು ಅಂಕಿಗಳಲ್ಲಿ, ಲೆಕ್ಕದವನಾಗಿ! ಇಪ್ಪತ್ತೊಂದಕ್ಕೆ ಇವರು 'ಒಂದು ಮತ್ತು ಇಪ್ಪತ್ತು' ಅನ್ನುತ್ತಾರೆ. ಆಮೇಲೆ ನೆನಪಾಯಿತು, ಬೆಳಗಾವಿಯ ಮಾಮಾನ ಮನೆಯಲ್ಲಿ ಕೇಳಿದ ಮರಾಠಿ 'ಏಕ್ವೀಸ್' ಕೂಡ ಹೀಗೇ ಒಂದರಿಂದಲೇ ಶುರುವಾಗುತ್ತದೆ. ಫೋನ್ ನಂಬರು ಹೇಳುವಾಗ ಈಗಲೂ ಒಳಗೊಬ್ಬ ಮರಾಠಿ ಮಾಮಾ ಎಣಿಸುತ್ತಾನೆ.

ಸಂಜೆಯ ಫೋನಿನದೂ ಒಂದು ಗದ್ದಲ. ನಾವು ಬಂದಾಗ ಅವ್ವನ ರಾತ್ರಿ ಒಂಬತ್ತೂವರೆ ನಮಗೆ ಸಂಜೆ ಆರು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ತಾಸು ಹಿಂದೆ ಹೋಯಿತು, ಅದೇ ಒಂಬತ್ತೂವರೆ ನಮಗೆ ಐದಾಯಿತು. "ಸೊಸಿ ಯಾಕ ಇನ್ನೂ ಮನಿಗೆ ಬಂದಿಲ್ಲ?" ಎಂದು ದಿನಾ ಕೇಳುವಳು. ಇಲ್ಲಿ ಗಡಿಯಾರ ತಿರುಗಿಸುತ್ತಾರೆ ಎಂದರೆ ನಂಬಲಿಲ್ಲ, ಸೊಸೆಯನ್ನು ಕಾಪಾಡಲು ನಾನು ಹೇಳುತ್ತಿರುವ ಸುಳ್ಳು ಎಂದೇ ತಿಳಿದಳು. ಮಾರ್ಚಿನಲ್ಲಿ ಮತ್ತೆ ಆರಾದಾಗ "ಈಗ ಸುಧಾರಿಸ್ಯಾಳ" ಅಂದಳು.

ಭಾನುವಾರಗಳು ಆಮೇಲೆ ಹಗುರಾದವು. ಅಂಗಡಿ ಮುಚ್ಚಿರುವುದು ಗೋಳು ಅನ್ನಿಸುವುದು ನಿಂತುಹೋಯಿತು. ಹೆಸ್ಲಾಖ್‌ನಿಂದ ಮೇಲಿನ ಕಾಡಿನ ಸ್ಮಶಾನಕ್ಕೆ ಹೋಗುವ ಒಂದು ಹಗ್ಗದ ರೈಲಿದೆ, 1929ರದು, ಎರಡೇ ಡಬ್ಬಿ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಡಬ್ಬಿಗಳು ತೇಗದ ಮರದವು. ಮೊದಲ ಸಲ ಹತ್ತಿದಾಗ ನಾನು ಮರವನ್ನು ಸವರಿ, "ದಾಂಡೇಲಿದ ಇರ್ಬೇಕ ನೋಡ" ಅಂದೆ. ಆಧಾರವಿಲ್ಲದ ಮಾತು, ಆದರೆ ಆಕೆ ಒಪ್ಪಿಕೊಂಡಳು. ವಿಧವೆಯರೇ ಹೆಚ್ಚು ಹತ್ತುವ ರೈಲು. ನಾವು ಅವಲಕ್ಕಿ ಡಬ್ಬಿ ಹಿಡಿದು ಅವರ ನಡುವೆ ಕೂಡುತ್ತಿದ್ದೆವು. ಮೇಲೆ ಕಾಡಿನಲ್ಲಿ ನಡೆಯುವಾಗ ವಾರವಿಡೀ ಉಳಿದ ಮಾತೆಲ್ಲ ಹೊರಬರುತ್ತಿತ್ತು. ಮದುವೆಯಾದ ನಾಲ್ಕು ವರ್ಷದಲ್ಲಿ ನಾವು ಅಷ್ಟು ಮಾತಾಡಿರಲಿಲ್ಲ. ಆಕೆಗೆ ಕತ್ತಲೆಂದರೆ ಹೆದರಿಕೆ ಎಂಬುದೇ ನನಗೆ ಅಲ್ಲಿ ಗೊತ್ತಾದದ್ದು. ತುಂಬಿದ ಮನೆಯಲ್ಲಿ ಎಲ್ಲಿಯಾದರೂ ಒಂದು ದೀಪ ಉರಿಯುತ್ತಲೇ ಇತ್ತಲ್ಲ.

ನನಗೆ ಕೆಲಸ ಸಿಕ್ಕಿದ್ದು ಎರಡನೇ ವರ್ಷ, ಒಂದು ಸಣ್ಣ ಲೆಕ್ಕದ ಕಚೇರಿಯಲ್ಲಿ, ವಾರಕ್ಕೆ ಇಪ್ಪತ್ತು ತಾಸು. ಅದು ಬೇರೆ ಕಥೆ.

2021ರಲ್ಲಿ ಮನೆ ಬದಲಿಸಿದೆವು. ಹೊಟ್ಟೆಯಲ್ಲಿ ಮಗು, ಮೂರು ಮಹಡಿ ಹತ್ತುವುದು ಆಗುತ್ತಿರಲಿಲ್ಲ. ಅಡುಗೆಮನೆಯನ್ನು ನಾವೂ ಬಿಚ್ಚಿಕೊಂಡೆವು, ಮೇಜನ್ನು ಈ ಸಲ ಬಾಡಿಗೆ ವ್ಯಾನಿನಲ್ಲಿ ಹಾಕಿದೆವು. ಆ ವಾರ ಹಲಗೆ ಅಜ್ಜಿಯ ಬಾಗಿಲಲ್ಲಿತ್ತು, ಆದರೆ ಆಗಲೇ ವರ್ಷದಿಂದ ಅವರ ಪಾಳಿಯನ್ನೂ ನಾನೇ ಮಾಡುತ್ತಿದ್ದೆ. ಕೊನೆಯ ಪೆಟ್ಟಿಗೆ ಇಳಿಸಿದಮೇಲೆ ಬಟ್ಟೆ ಒದ್ದೆ ಮಾಡಿ, ಹಿಂಡಿ, ಮತ್ತೆ ಹಿಂಡಿ, ಮೇಲಿನಿಂದ ಕೆಳಗಿನವರೆಗೆ ಒರೆಸಿದೆ. ಆಕೆ ಕೆಳಗಿನ ಮೆಟ್ಟಿಲ ಮೇಲೆ ಕುಂತು ನೋಡುತ್ತಿದ್ದಳು. ಅಜ್ಜಿ ಹೊರಬಂದರು. ನಮ್ಮ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಕಂಬಿ ಹಿಡಿದು ಬಗ್ಗಿ, ಮೂಲೆ ಮೂಲೆ ನೋಡಿದರು. ಏನೂ ಹೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಹೊಗಳಿದ್ರಲ್ರೀ!" ಅಂದಳು ಆಕೆ ಕೆಳಗಿನಿಂದ.